ಅಕ್ಕನ ಬೆರಳು, ತಂಗಿಯ ಬೆರಳು

ನಾನು ಒಂದು ಅಂಗುಸ್ತಾನ. ಕೈಯಿಂದ ಹೊಲಿಯುವವರು ನಡುಬೆರಳಿನ ತುದಿಗೆ ಹಾಕಿಕೊಳ್ಳುವ ಹಿತ್ತಾಳೆಯ ಟೋಪಿ. ಈಗ ನನ್ನನ್ನು ನೋಡಿದವರಲ್ಲಿ ಹೆಚ್ಚಿನವರು ಯಾವುದೋ ಶೀಶೆಯ ಮುಚ್ಚಳ ಎಂದುಕೊಳ್ಳುತ್ತಾರೆ. ಅದು ಅವರ ತಪ್ಪಲ್ಲ. ದಪ್ಪ ಬಟ್ಟೆಯೊಳಗೆ ಸೂಜಿ ತೂರಿಸುವಾಗ ಸೂಜಿಯ ಮೊನೆಗಿಂತ ಅದರ ಹಿಂತುದಿಯೇ ಬೆರಳನ್ನು ಹೆಚ್ಚು ನೋಯಿಸುತ್ತದೆ ಎಂಬುದು ಹೊಲಿದವರಿಗೆ ಮಾತ್ರ ಗೊತ್ತು.

ಒಂದು ಹಿತ್ತಾಳೆಯ ತಗಡಿನಿಂದ ಬಿಲ್ಲೆಯಂತೆ ಕತ್ತರಿಸಿ ನನ್ನನ್ನು ಬೇರೆ ಮಾಡಿದರು. ಆಮೇಲೆ ಅಚ್ಚಿನ ಮೇಲಿಟ್ಟು ಗುದ್ದಿದರು. ಒಂದೇ ಗುದ್ದಿಗೆ ಆಳಕ್ಕೆ ಇಳಿಸಿದರೆ ತಗಡು ಹರಿದುಹೋಗುತ್ತದೆ. ಆದ್ದರಿಂದ ಸ್ವಲ್ಪ ಗುದ್ದುವುದು, ಕಾಯಿಸಿ ಮೆತ್ತಗೆ ಮಾಡುವುದು, ಮತ್ತೆ ಗುದ್ದುವುದು. ಹೀಗೆ ಬಿಲ್ಲೆ ಬಟ್ಟಲಾಯಿತು, ಬಟ್ಟಲು ಟೋಪಿಯಾಯಿತು. ಕಡೆಗೆ ನನ್ನ ಮೈತುಂಬ ಸಣ್ಣ ಸಣ್ಣ ಗುಳಿಗಳನ್ನು ಒತ್ತಿದರು. ಅವು ಅಂದಕ್ಕೆ ಮಾಡಿದವಲ್ಲ. ನುಣುಪಾದ ಲೋಹದ ಮೇಲೆ ಸೂಜಿ ಜಾರುತ್ತದೆ, ಗುಳಿಯೊಳಗೆ ನಿಲ್ಲುತ್ತದೆ. ಬೆರಳು ಕೊಡುವ ಬಲವೆಲ್ಲ ಆ ಒಂದು ಗುಳಿಯಿಂದ ಸೂಜಿಗೆ ಹೋಗುತ್ತದೆ. ಸೂಜಿ ತಿರುಗಿ ಒತ್ತುವ ಒತ್ತಡ ಮಾತ್ರ ನನ್ನ ಇಡೀ ಮೈಗೆ ಹರಡಿ, ಬೆರಳಿಗೆ ತಟ್ಟುವ ಹೊತ್ತಿಗೆ ಬಲಗುಂದಿರುತ್ತದೆ. ನನ್ನ ಕೆಲಸ ಇಷ್ಟೇ.

ಬಳೆಗೆ ಜೊತೆ ಇದೆ, ಓಲೆಗೆ ಜೊತೆ ಇದೆ. ಸೂಜಿಗಳೂ ಪೊಟ್ಟಣದೊಳಗೆ ಮೈಗೆ ಮೈ ತಾಗಿಸಿ ಮಲಗುತ್ತವೆ. ಅಂಗುಸ್ತಾನ ಒಂದು ಕೈಗೆ ಒಂದೇ. ಎಷ್ಟೋ ಹೊಲಿಗೆಗಳನ್ನು ನಾನು ನೂಕಿದ್ದೇನೆ. ಆದರೆ ಬಟ್ಟೆಯ ಆಚೆಯ ಮಗ್ಗುಲಿಗೆ ನಾನು ಯಾವತ್ತೂ ದಾಟಿಲ್ಲ. ಸೂಜಿ ಹೋಗುತ್ತದೆ, ದಾರ ಅದರ ಹಿಂದೆ ಹೋಗುತ್ತದೆ, ನಾನು ಈಚೆಗೇ ಉಳಿಯುತ್ತೇನೆ.

ನನ್ನನ್ನು ಮೊದಲು ಹಾಕಿಕೊಂಡವರು ಬಾಗಲಕೋಟೆಯ ಹಳೆಯ ಪೇಟೆಯ ಸಿಂಪಿಗ ದಾವಲಸಾಬರು. ಕೋಟಿನ ಗುಂಡಿಗೆ ಕಾಜಾ ಮಾಡುವುದರಲ್ಲಿ ಅವರ ಕೈ ಹೆಸರಾಗಿತ್ತು. ಅವರ ಬೆರಳು ಉದ್ದ, ಬೆಚ್ಚಗೆ, ಸದಾ ಚಹಾದ ವಾಸನೆ. ಅವರ ಅಂಗಡಿಗೆ ಚಿಂದಿ ಬಟ್ಟೆ ಕೇಳಿಕೊಂಡು ಹೊಳೆದಂಡೆಯ ಹಳ್ಳಿಯಿಂದ ಶಿವಗಂಗವ್ವ ಎಂಬ ಹೆಣ್ಣುಮಗಳು ಬರುತ್ತಿದ್ದಳು. ಆಕೆ ಮನೆಮನೆಗೆ ಕೌದಿ ಹೊಲಿದುಕೊಡುವವಳು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, ಒತ್ತೊತ್ತಾಗಿ ಹೊಲಿಗೆ ಹಾಕಿದರೆ ಚಳಿಗೆ ಹೊದೆಯುವ ಕೌದಿಯಾಗುತ್ತದೆ. ವಯಸ್ಸಾಗಿ ದಾವಲಸಾಬರ ಬೆರಳ ಗೆಣ್ಣು ಬಾತುಕೊಂಡ ವರ್ಷ ಅವರು ಚಿಂದಿಯ ಗಂಟಿನ ಮೇಲೆ ನನ್ನನ್ನಿಟ್ಟು ಆಕೆಗೆ ಕೊಟ್ಟರು.

"ತಗೋ ತಂಗಿ. ಈ ಬೆರಳು ಇನ್ನ ನನ್ನ ಮಾತು ಕೇಳೂದಿಲ್ಲ. ನಿನ್ನ ಬೆರಳರ ಉಳೀಲಿ."

ಶಿವಗಂಗವ್ವನ ಬೆರಳು ಅಗಲವಾಗಿತ್ತು, ತುದಿಯಲ್ಲಿ ಚಪ್ಪಟೆ. ದುಂಡಗಿದ್ದ ನಾನು ಅದರ ಮೇಲೆ ಕೂಡಲಿಲ್ಲ. ಆಕೆ ಹೊಸ್ತಿಲ ಮೇಲೆ ನನ್ನನ್ನಿಟ್ಟು ಗುಂಡಕಲ್ಲಿನಿಂದ ಮೆಲ್ಲಗೆ ಎರಡು ಪೆಟ್ಟು ಹಾಕಿದಳು. "ಮೂಗು ಚಪ್ಪಟಿ ಆದ್ರ ಏನಾತು, ಗಂಡನ್ನ ಹುಡುಕೂದೈತೇನ ನಿನಗ?" ಎಂದು ನಗಾಡಿದಳು. ಅಂದಿನಿಂದ ನನ್ನ ಬಾಯಿ ಮೊಟ್ಟೆಯಾಕಾರ. ಬೇರೆ ಯಾರಿಗೂ ನಾನು ಸರಿಯಾಗಿ ಕೂಡದಂತಾದೆ.

ಆಕೆಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ದಾಕ್ಷಾಯಿಣಿ, ಚಿಕ್ಕವಳು ಮಹಾನಂದಾ. ತಾಯಿ ಹೊಲಿಯಲು ಕುಳಿತರೆ ದೊಡ್ಡವಳು ಸೂಜಿಗೆ ದಾರ ಪೋಣಿಸಿಕೊಡುವಳು; ಎಲ್ಲ ದಾರಗಳೂ ಒಂದೇ ಅಳತೆ. ಚಿಕ್ಕವಳು ಬಣ್ಣದ ತುಂಡು ಆರಿಸುವಳು, ಆರಿಸುತ್ತ ಆರಿಸುತ್ತ ಓಣಿಯ ಸುದ್ದಿಯೆಲ್ಲ ಹೇಳುವಳು. ಶಿವಗಂಗವ್ವ ಅಂಚಿನಿಂದ ಶುರುಮಾಡಿ ಸುತ್ತುಸುತ್ತಾಗಿ ಒಳಕ್ಕೆ ಬರುತ್ತಿದ್ದಳು. ಮುಂದಿನ ಸುತ್ತಿಗೆ ಯಾವ ತುಂಡು ಎಂಬುದು ಆ ಸುತ್ತು ಮುಗಿದ ಮೇಲೆಯೇ ತೀರ್ಮಾನ.

ಮಕ್ಕಳು ದೊಡ್ಡವರಾದರು. ದಾಕ್ಷಾಯಿಣಿ ಬಿ.ಎಸ್ಸಿ. ಓದಿ ಗದಗಿನ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿಯಾದಳು. ಮದುವೆಯಾಗಲಿಲ್ಲ. ಮಹಾನಂದಾ ಮದುವೆಯಾಗಿ ವಿಜಯಪುರಕ್ಕೆ ಹೋದಳು. ಆಲಮಟ್ಟಿಯ ಅಣೆಕಟ್ಟಿನ ನೀರು ಏರಿದಾಗ ಹೊಳೆದಂಡೆಯ ಆ ಹಳ್ಳಿ ಒಳಗೆ ಹೋಯಿತು. ಶಿವಗಂಗವ್ವ ಒಂದು ಟ್ರಂಕು ಸೀರೆ ಮತ್ತು ನನ್ನನ್ನು ತೆಗೆದುಕೊಂಡು ಗದಗಿಗೆ, ದೊಡ್ಡ ಮಗಳ ಮನೆಗೆ ಬಂದಳು. ಅಲ್ಲಿ ಹೊಲಿಗೆ ಕಡಿಮೆಯಾಯಿತು. ಕಣ್ಣು ಮಂಜಾದ ಮೇಲೆ ನಿಂತೇಹೋಯಿತು. ಆದರೂ ಆಕೆ ಸುಮ್ಮನೆ ಕುಳಿತಾಗ ನನ್ನನ್ನು ಬೆರಳಿಗೆ ಹಾಕಿಕೊಂಡು ಮಂಚದ ಕಾಲಿಗೆ ಟಿಕ್ ಟಿಕ್ ಎಂದು ಬಡಿಯುತ್ತಿದ್ದಳು. ದಾಕ್ಷಾಯಿಣಿ ಅಡಿಗೆಮನೆಯಿಂದಲೇ "ಏನ ಬೇಕಬೇ?" ಎನ್ನುವಳು. "ಏನಿಲ್ಲ, ಅದೀ ಇಲ್ಲೋ ನೋಡಿದೆ" ಎನ್ನುವಳು ತಾಯಿ.

ತಾಯಿ ತೀರಿಕೊಂಡ ಮೇಲೆ ನಾನು ದಾಕ್ಷಾಯಿಣಿಯ ಕೈಗೆ ಬಂದೆ. ಅವಳ ಬೆರಳು ಸಪೂರ. ನನ್ನೊಳಗೆ ಅದು ಗಂಟೆಯೊಳಗಿನ ನಾಲಿಗೆಯಂತೆ ಅಲ್ಲಾಡುತ್ತಿತ್ತು. ಅವಳು ಹತ್ತಿಬಟ್ಟೆಯ ಒಂದು ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡು ನನ್ನನ್ನು ಬಿಗಿಮಾಡಿಕೊಂಡಳು. ಅದು ಅವಳ ಸ್ವಭಾವ. ಏನೇ ಸಡಿಲವಿದ್ದರೂ ಅದಕ್ಕೊಂದು ಉಪಾಯ ಮಾಡುವಳು, ದೂರುವವಳಲ್ಲ.

ನಿವೃತ್ತಳಾಗಿದ್ದಳು. ಆ ಮನೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಗೋಡೆಗಡಿಯಾರದ ಮುಳ್ಳು ಒಂದೊಂದೇ ಗೆರೆ ದಾಟುವುದು ನನಗೆ ಹೊಲಿಗೆಯ ಡಬ್ಬಿಯೊಳಗಿಂದಲೇ ಕೇಳುತ್ತಿತ್ತು. ಮುಂಜಾನೆ ಅವಳು ಪತ್ರಿಕೆಯನ್ನು ಗಟ್ಟಿಯಾಗಿ ಓದಲು ಶುರುಮಾಡುವಳು, ತಾಯಿಗೆ ಓದಿಹೇಳುತ್ತಿದ್ದ ರೂಢಿಯಂತೆ. ಒಂದು ವಾಕ್ಯದ ನಡುವೆ ನೆನಪಾಗಿ ನಿಲ್ಲಿಸುವಳು. ಉಳಿದುದನ್ನು ಮನಸ್ಸಿನಲ್ಲೇ ಓದಿಕೊಳ್ಳುವಳು.

ಕೆಲವು ವಾರಗಳಿಂದ ಅವಳು ಒಂದು ಮಾತನ್ನು ಅಭ್ಯಾಸ ಮಾಡುತ್ತಿದ್ದಳು. ಸಂಜೆ ಬಟ್ಟೆ ಮಡಿಚುತ್ತ, ಯಾರೂ ಇಲ್ಲದ ಕೋಣೆಯಲ್ಲಿ ಹೇಳುವಳು: "ನಂದಾ, ನೀ ಗದಗಿಗೆ ಬಂದುಬಿಡು. ಇಬ್ರೂ ಕೂಡೇ ಇರೂಣು." ಸ್ವಲ್ಪ ಹೊತ್ತು ಬಿಟ್ಟು ಬೇರೆ ಥರ ಹೇಳುವಳು: "ನಂದಾ, ಒಂದ ಮಾತು ಕೇಳತೀನಿ, ಸಿಟ್ಟಾಗಬ್ಯಾಡ." ಅದೂ ಸರಿಬೀಳದೆ ಮೊದಲಿನದಕ್ಕೇ ಮರಳುವಳು. ಮಹಾನಂದಾಳ ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಅಲ್ಲೊಬ್ಬಳು ಒಂಟಿ, ಇಲ್ಲೊಬ್ಬಳು ಒಂಟಿ ಎಂಬುದು ದಾಕ್ಷಾಯಿಣಿಯ ಲೆಕ್ಕ. ಲೆಕ್ಕ ನೇರವಾಗಿಯೇ ಇತ್ತು. ಬಾಯಿಬಿಟ್ಟು ಕೇಳುವುದು ಮಾತ್ರ ಆಗುತ್ತಿರಲಿಲ್ಲ.

ಕಡೆಗೊಂದು ದಿನ ಫೋನು ಮಾಡಿದಳು. ಕೇಳಿದ್ದು ಬೇರೆಯೇ.

"ನಂದಾ, ಅವ್ವನ ಸೀರಿ ಟ್ರಂಕಿನ್ಯಾಗ ಹಂಗ ಬಿದ್ದಾವ. ಶನಿವಾರ ಐತವಾರ ಎರಡ ದಿನ ಕೂಡೂಣು. ಇಬ್ರೂ ಸೇರಿ ಒಂದು ಕೌದಿ ಹೊಲದಬಿಡೂಣು."

"ಎಲ್ಲಿ ಕೂಡೂದಕ್ಕಾ? ನಿನ್ನ ಮನ್ಯಾಗೋ, ನಮ್ಮ ಮನ್ಯಾಗೋ?"

"ಎರಡೂ ಬ್ಯಾಡ. ಆಲಮಟ್ಟಿಗೆ ಬಾ. ಇಬ್ರಿಗೂ ನಡುವ ಆಗ್ತೈತಿ. ತವರಿಗೆ ಬಂದಂಗೂ ಆಗ್ತೈತಿ."

"ನೀರಾಗಿನ ತವರು!" ಎಂದು ಮಹಾನಂದಾ ಆ ಕಡೆಯಿಂದ ನಕ್ಕಳು. "ಆತು, ಬರ್ತೀನಿ. ಈಜಾಕ ಕಲ್ತು ಬರಲೇನ?"

ಶನಿವಾರ ಒಬ್ಬಳು ದಕ್ಷಿಣದಿಂದ, ಒಬ್ಬಳು ಉತ್ತರದಿಂದ ರೈಲಿನಲ್ಲಿ ಬಂದು ಆಲಮಟ್ಟಿಯಲ್ಲಿ ಇಳಿದರು. ದಾಕ್ಷಾಯಿಣಿ ಗೊತ್ತುಮಾಡಿದ್ದ ವಸತಿಗೃಹದ ಕೋಣೆಗೆ ಒಂದು ಅಗಲವಾದ ಜಗಲಿಯಿತ್ತು. ಜಗಲಿಯಿಂದ ಕಣ್ಣು ಹಾಯುವಷ್ಟು ದೂರ ಹಿನ್ನೀರು. ಅಲೆಯಿಲ್ಲ, ದೋಣಿಯಿಲ್ಲ, ಬರಿಯ ಬೂದುಬಣ್ಣದ ಹರವು.

ಮಹಾನಂದಾ ಒಳಗೆ ಬಂದದ್ದೇ ಒಂದು ಸಪ್ಪಳದೊಂದಿಗೆ. ವಿಜಯಪುರದಲ್ಲಿ ಅವಳು ತನ್ನ ಮನೆಯ ಕೆಳಗಿನ ಅಂಗಳದಲ್ಲಿ ಆರೇಳು ಹೆಂಗಸರನ್ನು ಕಟ್ಟಿಕೊಂಡು ಖಡಕ್ ರೊಟ್ಟಿ ಮಾಡಿ ಅಂಗಡಿಗಳಿಗೆ ಕಳಿಸುತ್ತಿದ್ದಳು. ಚೀಲದೊಳಗೆ ರೊಟ್ಟಿಯ ಕಟ್ಟು, ಶೇಂಗಾ ಹಿಂಡಿ, ಎಳ್ಳಿನ ಹಿಂಡಿ ಎಂಬ ಚಟ್ನಿಪುಡಿಯ ಪೊಟ್ಟಣಗಳು, ಮೇಲೊಂದು ಮೊಬೈಲು. ಅದು ಆಗಲೇ ಬಡಿದುಕೊಳ್ಳುತ್ತಿತ್ತು.

ನೆಲದ ಮೇಲೆ ದಾಕ್ಷಾಯಿಣಿ ಆಗಲೇ ಎಲ್ಲ ಹಾಸಿಟ್ಟಿದ್ದಳು. ಗದಗಿನಲ್ಲೇ ಗ್ರಾಫ್ ಹಾಳೆಯ ಮೇಲೆ ನಕ್ಷೆ ಬರೆದು, ಸೀರೆಗಳನ್ನು ಅಳತೆಯಂತೆ ಕತ್ತರಿಸಿ, ನಡುವಿನ ಚೌಕವೂ ಸೇರಿ ಎಲ್ಲ ತುಂಡುಗಳನ್ನೂ ತನ್ನ ತನ್ನ ಜಾಗದಲ್ಲಿ ಕಚ್ಚಾ ಹೊಲಿಗೆಯಿಂದ ಕೂಡಿಸಿ ತಂದಿದ್ದಳು.

ಮಹಾನಂದಾ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಇದೇನಕ್ಕಾ, ಕೌದಿನೋ ಪ್ರಶ್ನೆಪತ್ರಿಕಿನೋ?"

"ಹೊಲಿಯೂದಷ್ಟ ಉಳದೈತಿ. ನೀ ಆ ತುದಿಯಿಂದ ಬಾ, ನಾ ಈ ತುದಿಯಿಂದ ಬರ್ತೀನಿ. ನಾಳಿ ಮಧ್ಯಾಹ್ನಕ್ಕ ನಡುವ ಕೂಡತೀವಿ."

"ಅವ್ವ ಹಿಂಗ ಹೊಲೀತಿರಲಿಲ್ಲಲ್ಲ."

"ಅವ್ವಗ ಒಂದು ತಿಂಗಳ ಪುರಸೊತ್ತು ಇರ್ತಿತ್ತು. ನಮಗ ಎರಡ ದಿನ ಐತಿ."

ಮಹಾನಂದಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಅಂಗುಸ್ತಾನ ಒಂದೇ ಇದ್ದುದರಿಂದ ಅವಳು ಸೈಕಲ್ ಟ್ಯೂಬಿನ ತುಂಡೊಂದನ್ನು ಬೆರಳಿಗೆ ಸುತ್ತಿಕೊಂಡು ಆ ತುದಿಗೆ ಕುಳಿತಳು. ಪಟ್ಟಿ ಸುತ್ತಿದ ಬೆರಳಿಗೆ ನನ್ನನ್ನು ಏರಿಸಿಕೊಂಡು ದಾಕ್ಷಾಯಿಣಿ ಈ ತುದಿಗೆ ಕುಳಿತಳು. ಇಬ್ಬರ ನಡುವೆ ತಾಯಿಯ ಸೀರೆಗಳು. ಹಸಿರು ಇಳಕಲ್ಲು, ಕಂದು ನೂಲಿನ ಸೀರೆ, ಹಬ್ಬಕ್ಕೆ ಉಡುತ್ತಿದ್ದ ಕುಸುಬಿಬಣ್ಣದ ಸೀರೆಯ ಸೆರಗು.

ಬೆರಳಿನ ತುದಿಯಲ್ಲಿರುವ ನನಗೆ ಮುಖ ಕಾಣುವುದು ಕಡಿಮೆ. ಆದರೆ ಮುಖಕ್ಕಿಂತ ಮೊದಲೇ ಬೆರಳಿಗೆ ಸುದ್ದಿ ಬರುತ್ತದೆ. ಆ ಶನಿವಾರ ದಾಕ್ಷಾಯಿಣಿಯ ನಾಲಿಗೆಯ ತುದಿಗೆ ಆ ಮಾತು ಬಂದಾಗಲೆಲ್ಲ ಅವಳ ಬೆರಳು ಬೆವರುತ್ತಿತ್ತು. ಪಟ್ಟಿ ಒದ್ದೆಯಾಗಿ ನಾನು ಜಾರುತ್ತಿದ್ದೆ. "ನಂದಾ" ಎಂದು ಒಮ್ಮೆ ಕರೆದಳು. ಮಹಾನಂದಾ ತಲೆಯೆತ್ತಿದಳು. ಅಷ್ಟರಲ್ಲಿ ಮೊಬೈಲು ಬಡಿಯಿತು, ರೊಟ್ಟಿ ಮಾಡುವ ಹೆಂಗಸರಲ್ಲಿ ಒಬ್ಬಳದು.

"ಏನಬೇ ರುದ್ರವ್ವ? ... ಹಿಟ್ಟು ಎರಡನೇ ಡಬ್ಬಿಯೊಳಗ ಐತಲ್ಲ! ... ಅಲ್ಲೇ ನಿಂತು ಕಣ್ಣ ತೆರದು ನೋಡು, ನಾ ಬಂದು ತೋರಸ್ಲೇನ? ... ನನ್ನ ಹೆಸರಲೆ ಅಂಗಡಿಯವರ ಕೂಡ ಜಗಳಾ ಮಾಡಬ್ಯಾಡ, ನಿನ್ನ ಹೆಸರಲೆ ಮಾಡು." ಫೋನು ಇಟ್ಟು ನಗುತ್ತ, "ಹೇಳಕ್ಕಾ" ಎಂದಳು.

"ಏನಿಲ್ಲ. ದಾರ ಮುಗೀತೇನ ಅಂತ ಕೇಳಿದೆ."

ಸಂಜೆ ಇಬ್ಬರೂ ಜಗಲಿಯಲ್ಲಿ ಕುಳಿತರು. ಕಾರಂಜಿ ನೋಡಲು ಬಂದವರ ಬಸ್ಸುಗಳು ದೂರದಲ್ಲಿ ಅಣೆಕಟ್ಟಿನ ಉದ್ಯಾನದ ಕಡೆ ಹೋಗುತ್ತಿದ್ದವು. ಇವರು ನೀರನ್ನು ನೋಡುತ್ತ ತಮ್ಮ ಮನೆ ಎಲ್ಲಿದ್ದೀತು ಎಂದು ಗುರುತು ಹಿಡಿಯಲು ನೋಡಿದರು.

"ಆ ಕಂಬದ ನೇರಕ್ಕ."

"ಅಲ್ಲ, ಇನ್ನೂ ಎಡಕ್ಕ. ಅಲ್ಲಿ ಹುಣಸಿಗಿಡ ಇತ್ತು."

"ಹುಣಸಿಗಿಡ ಗೌಡರ ಮನಿ ಮುಂದ, ನಂದಾ."

"ಈಗ ನಮ್ಮ ಅಡಗಿಮನ್ಯಾಗ ಮೀನು ಓಡಾಡ್ತಿರಬೇಕು ನೋಡು. ಅವ್ವ ಇದ್ದಿದ್ರ ಕಸಬರಿಗಿ ತಗೊಂಡು ಹೊರಗ ಹಾಕತಿದ್ಲು."

ಇಬ್ಬರೂ ನಕ್ಕರು. ನಗು ಮುಗಿದ ಮೇಲೆ ಬಂದ ಮೌನ ಮಾತ್ರ ಇಬ್ಬರಿಗೂ ಒಂದೇ ಆಗಿರಲಿಲ್ಲ. ದಾಕ್ಷಾಯಿಣಿ ಅದರಲ್ಲಿ ಕಾಲುಚಾಚಿ ಕುಳಿತಳು. ಮಹಾನಂದಾ ಸ್ವಲ್ಪ ಹೊತ್ತು ತಡೆದು, ಎದ್ದು ಒಳಗೆ ಹೋಗಿ, ಯಾರೂ ನೋಡದ ಟಿ.ವಿ. ಹಚ್ಚಿ ಬಂದು ಕುಳಿತಳು.

ಭಾನುವಾರ ಮುಂಜಾನೆ ಇಬ್ಬರೂ ಬೇಗ ಹೊಲಿಗೆಗೆ ಕುಳಿತರು. ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಬಂದಿದ್ದರು. ದಾಕ್ಷಾಯಿಣಿ ಕನ್ನಡಕ ಒರೆಸಲು ನನ್ನನ್ನು ತೆಗೆದು ಬಟ್ಟೆಯ ಮೇಲಿಟ್ಟಳು. ಟ್ಯೂಬಿನ ತುಂಡು ಜಾರಿ ಜಾರಿ ಬೇಸತ್ತಿದ್ದ ಮಹಾನಂದಾ ನನ್ನನ್ನು ಎತ್ತಿಕೊಂಡು ತನ್ನ ಬೆರಳಿಗೆ ಹಾಕಿಕೊಂಡಳು.

ನಾನು ಕುಳಿತೆ. ಪಟ್ಟಿಯಿಲ್ಲ, ಅಲುಗಾಟವಿಲ್ಲ. ಅಗಲವಾದ, ತುದಿಯಲ್ಲಿ ಚಪ್ಪಟೆಯಾದ ಅದೇ ಬೆರಳು. ವರ್ಷದ ಮೇಲೆ ಮತ್ತೆ ಶಿವಗಂಗವ್ವನ ಕೈಗೆ ಬಂದೆನೋ ಎನ್ನಿಸಿತು.

ಕನ್ನಡಕ ಹಾಕಿಕೊಂಡ ದಾಕ್ಷಾಯಿಣಿ ನೋಡಿದಳು. ತಾಯಿಯ ಕೊನೆಯ ವರ್ಷಗಳಲ್ಲಿ ಉಣಿಸಿ, ಮೈತೊಳೆಸಿ, ಪತ್ರಿಕೆ ಓದಿಹೇಳಿದವಳು ಅವಳು. ಆ ಬೆರಳು ಮಾತ್ರ ತಂಗಿಯ ಕೈಯಲ್ಲಿತ್ತು.

"ಅವ್ವನ ಬೆರಳು ನಿನಗ ಬಂದೈತಿ" ಎಂದಳು. ಮತ್ತೆ, ತಡೆಯದೆ, ಅಭ್ಯಾಸ ಮಾಡಿದ ಯಾವ ಧಾಟಿಯಲ್ಲೂ ಅಲ್ಲದೆ, ಹೇಳಿಬಿಟ್ಟಳು: "ನಂದಾ, ನೀ ಗದಗಿಗೆ ಬಾ. ಕಾಯಂ. ನನ್ನ ಕೂಡ ಇರು."

ನನ್ನೊಳಗಿನ ಬೆರಳು ನಿಂತಿತು. ಸೂಜಿ ಅರ್ಧ ಒಳಗೆ, ಅರ್ಧ ಹೊರಗೆ. ಮಹಾನಂದಾ ನಕ್ಕಳು, ಆದರೆ ಬೆರಳು ನಗಲಿಲ್ಲ.

"ಅಲ್ಲಕ್ಕಾ, ನಾನಽ ನಿನ್ನ ಕರೀಬೇಕು ಅಂತ ಬಂದೀನಿ! ಮಾಳಿಗಿ ಮ್ಯಾಲಿನ ಖೋಲಿಗೆ ಸುಣ್ಣಾ ಹಚ್ಚಿಸೇನಿ. ಕಿಟಕಿಗೆ ಜಾಳಿಗಿ ಬಡಿಸೇನಿ, ನಿನಗ ಸೊಳ್ಳಿ ಆಗೂದಿಲ್ಲ ಅಂತ."

"ನನಗಂತ?"

"ಮತ್ಯಾರಿಗಂತ? ರುದ್ರವ್ವಗೇನ?"

ದಾಕ್ಷಾಯಿಣಿ ಹೊಲಿಗೆಯ ಮೇಲೆ ಬೆರಳಾಡಿಸಿದಳು. "ನಾ ಇರಾಕ ಆಗೂದಿಲ್ಲ ನಂದಾ. ಹೋದ ಸಲ ಬಂದಾಗ ನೋಡೀಯಲ್ಲ. ಬೆಳಗಾದ್ರ ರೊಟ್ಟಿ ಬಡಿಯೋ ಸಪ್ಪಳ, ಆ ಹೆಣ್ಮಕ್ಕಳ ಬಾಯಿ. ತಿರುಗಿ ಹೋಗಿ ವಾರ ಮಲಗಿದ್ದೆ. ನನ್ನ ತಲಿ ತಡಿಯೂದಿಲ್ಲ."

"ನಿನ್ನ ಮನಿ ಹೆಂಗಂತ ಹೇಳಲಿ? ಗಡಿಯಾರದ ಸಪ್ಪಳಾ ಕೇಳ್ತೈತಿ ಅಲ್ಲಿ. ಕೇಳಿ ಕೇಳಿ ನನಗ ಎದಿ ಮ್ಯಾಲ ಕಲ್ಲು ಇಟ್ಟಂಗ ಆಗ್ತೈತಿ." ಮಹಾನಂದಾಳ ದನಿ ತಗ್ಗಿತು. "ಅವರು ಹೋದ ಮ್ಯಾಲ ನಾ ಹಾಸಿಗಿ ಬಿಟ್ಟು ಏಳತಿರಲಿಲ್ಲಕ್ಕಾ. ಆ ಹೆಣ್ಮಕ್ಕಳು ಬಂದು ಬಾಗಲಾ ಬಡೀತಾರಲ್ಲ, ತೆಗೀಬೇಕಲ್ಲ ಅಂತ ಏಳಾಕ ಶುರು ಮಾಡಿದೆ. ಆ ಗದ್ದಲ ಬಿಟ್ಟರ ನಾ ಮತ್ತ ಮಲಗಿಬಿಡತೀನಿ."

ಇಬ್ಬರಿಗೂ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದರೆ ಒಳ್ಳೆಯದಿತ್ತೇನೋ. ಸಿಟ್ಟು ಇಳಿದ ಮೇಲೆ ಯಾರಾದರೊಬ್ಬರು ಸೋಲುತ್ತಾರೆ. ಇವರಿಬ್ಬರೂ ನಿಜವನ್ನೇ ಹೇಳಿದ್ದರು. ಮಹಾನಂದಾ ಅರ್ಧ ನಿಂತಿದ್ದ ಸೂಜಿಯನ್ನು ನೂಕಿದಳು. ನಾನು ಅವಳ ಬೆರಳಿನಲ್ಲೇ ಉಳಿದೆ. ದಾಕ್ಷಾಯಿಣಿ ಟ್ಯೂಬಿನ ತುಂಡನ್ನು ಸುತ್ತಿಕೊಂಡಳು. ಹೊಲಿಗೆ ಮುಂದುವರಿಯಿತು.

ಮಧ್ಯಾಹ್ನ ಎರಡು ಕಡೆಯ ಹೊಲಿಗೆ ನಡುವೆ ಬಂದು ಮುಟ್ಟಿತು, ಆದರೆ ಕೂಡಲಿಲ್ಲ. ನಡುವಿನ ಚೌಕದಲ್ಲಿ ಬಟ್ಟೆ ಉಬ್ಬಿ ನಿಂತಿತ್ತು, ಬೋರಲು ಹಾಕಿದ ಬುಟ್ಟಿಯ ಹಾಗೆ. ದಾಕ್ಷಾಯಿಣಿ ಅಂಗೈಯಿಂದ ಒತ್ತಿದಳು. ಒತ್ತಿದ ಕಡೆ ಇಳಿದು ಪಕ್ಕದಲ್ಲಿ ಎದ್ದಿತು.

"ನನ್ನ ಅಳತಿ ಸರಿ ಇತ್ತು" ಎಂದಳು.

ಅವಳ ಅಳತೆ ಸರಿಯೇ ಇತ್ತು. ಆದರೆ ಪ್ರತಿಯೊಂದು ಹೊಲಿಗೆಯಲ್ಲಿ ಬೆರಳು ಸೂಜಿಯನ್ನು ನೂಕುವಾಗ ಮೇಲಿನ ಬಟ್ಟೆ ಕೂದಲೆಳೆಯಷ್ಟು ಮುಂದಕ್ಕೆ ಸರಿಯುತ್ತದೆ. ಅದು ನನಗೆ ಗೊತ್ತು, ನೂಕುವುದು ನಾನೇ. ಅಕ್ಕ ಆ ಸಡಿಲನ್ನು ಈ ಕಡೆಯಿಂದ ನಡುವಿಗೆ ತಳ್ಳುತ್ತ ಬಂದಿದ್ದಳು, ತಂಗಿ ಆ ಕಡೆಯಿಂದ. ಇಬ್ಬರ ಹೊಲಿಗೆಯಲ್ಲೂ ದೋಷವಿರಲಿಲ್ಲ.

"ಅವ್ವ ನಡುವಿನ ತುಂಡು ಕಡೀಕ ಇಡತಿದ್ಲಕ್ಕಾ" ಎಂದಳು ಮಹಾನಂದಾ ಮೆಲ್ಲಗೆ. "ಎಷ್ಟು ಉಳೀತೈತೋ ನೋಡಿ, ಅಷ್ಟ ಕತ್ತರಿಸಿ ಇಡತಿದ್ಲು. ನೀ ಮೊದಲ ಹಚ್ಚಿಬಿಟ್ಟಿ."

"ಹೌದು." ದಾಕ್ಷಾಯಿಣಿ ಒಪ್ಪಿಕೊಂಡಳು. "ನಂದು ಬಿಚ್ಚತೀನಿ."

"ನಿಂದ್ಯಾಕ? ನಂದು ಬಿಚ್ಚು. ನನ್ನ ಹೊಲಿಗಿ ಏನ ಚಂದ ಐತಿ."

ಯಾರದು ಬಿಚ್ಚಿದರೂ ಮತ್ತೊಂದು ದಿನ ಬೇಕಿತ್ತು. ಸಂಜೆಯ ರೈಲಿಗೆ ಇಬ್ಬರೂ ಹೋಗಬೇಕಿತ್ತು. ಮಹಾನಂದಾ ಉಬ್ಬನ್ನು ಸವರಿ, "ಇರಲಿ, ಹಿಂಗಽ ನೀ ಒಯ್ಯಿ. ಬಸುರಿ ಕೌದಿ ಅಂತ ತಿಳ್ಕೊ" ಎಂದಳು. "ನೀನಽ ಒಯ್ಯಿ, ನಿಮ್ಮ ಕಡೆ ಚಳಿ ಹೆಚ್ಚು" ಎಂದಳು ದಾಕ್ಷಾಯಿಣಿ. ಕೌದಿಯನ್ನು ಅವಳ ಕಡೆ ಇವಳು, ಇವಳ ಕಡೆ ಅವಳು ಸರಿಸಿದರು.

ಆಮೇಲೆ ದಾಕ್ಷಾಯಿಣಿ ಎದ್ದು, ಚೀಲದಿಂದ ಕತ್ತರಿ, ಪೆನ್ಸಿಲು, ಅಡಿಪಟ್ಟಿ ತಂದಳು. ಉಬ್ಬಿನ ನಡುವೆ ಹಾಯುವಂತೆ ಈ ಅಂಚಿನಿಂದ ಆ ಅಂಚಿಗೆ ಗೆರೆ ಎಳೆದಳು.

"ಅಕ್ಕಾ! ಏನ ಮಾಡಾಕತ್ತಿ? ಅವ್ವನ ಸೀರಿ!"

"ಅವ್ವನ ಸೀರಿ ಆಗಲೇ ತುಂಡಾಗ್ಯಾವ ನಂದಾ. ಆ ಕಡೆ ಬಿಗಿ ಹಿಡಿ."

ಮಹಾನಂದಾ ಹಿಡಿದಳು. ಅವಳ ಬೆರಳಿನೊಂದಿಗೆ ನಾನೂ ಬಟ್ಟೆಯನ್ನು ಒತ್ತಿ ಹಿಡಿದೆ. ದಪ್ಪ ಪದರಗಳೊಳಗೆ ಕತ್ತರಿ ಕರಕರ ಸದ್ದು ಮಾಡುತ್ತ ಸಾಗಿತು. ಅದು ನಡುವಿಗೆ ಬಂದೊಡನೆ ಉಬ್ಬು ತಾನಾಗಿಯೇ ಇಳಿಯಿತು. ಸಡಿಲು ಬಟ್ಟೆ ಕತ್ತರಿಸಿದ ಅಂಚಿಗೆ ಬಂದು ತುಸು ಹೊರಚಾಚಿತು, ಅಷ್ಟೆ. ಎರಡು ತುಂಡುಗಳೂ ನೆಲಕ್ಕೆ ಅಂಟಿದಂತೆ ಸಪಾಟಾಗಿ ಮಲಗಿದವು. ಒಂದೊಂದೂ ಒಬ್ಬರಿಗೆ ಸಾಕಾಗುವಷ್ಟಿತ್ತು.

ನಮ್ಮ ಕಡೆ ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಮುಚ್ಚಿ ಹೊಲಿಯುವುದಿಲ್ಲ. ಕಡೆಯ ಹೊಲಿಗೆಗೆ ಮೊದಲು ಒಳಗೊಂದು ಚೂರು ರೊಟ್ಟಿ ಇಡುತ್ತಾರೆ. ಮಹಾನಂದಾ ತನ್ನ ಕಟ್ಟಿನಿಂದ ಒಂದು ರೊಟ್ಟಿ ತೆಗೆದು ಎರಡು ಚೂರು ಮುರಿದಳು. ತನ್ನದರಲ್ಲಿ ಒಂದನ್ನಿಟ್ಟು, ಅಕ್ಕನದರ ಪದರದೊಳಗೆ ಇನ್ನೊಂದನ್ನು ತೂರಿಸಿದಳು.

"ಬ್ಯಾಡ, ಇರುವಿ ಬರ್ತಾವ" ಎಂದಳು ದಾಕ್ಷಾಯಿಣಿ.

"ಬರ್ಲಿ. ನಿನ್ನ ಮನೀಗೆ ಯಾರರ ಬರ್ಲಿ."

ಅಂದ ಮೇಲೆ ಮಹಾನಂದಾ ತುಟಿ ಕಚ್ಚಿಕೊಂಡಳು. ದಾಕ್ಷಾಯಿಣಿ ನಕ್ಕುಬಿಟ್ಟಳು. ಎರಡು ದಿನಗಳಲ್ಲಿ ಅವಳು ಅಷ್ಟು ಜೋರಾಗಿ ನಕ್ಕದ್ದು ಅದೊಂದೇ ಸಲ. ನಗುತ್ತಲೇ ಕನ್ನಡಕ ತೆಗೆದು ಒರೆಸಿಕೊಂಡಳು.

ನಿಲ್ದಾಣದಲ್ಲಿ ಮಹಾನಂದಾಳ ರೈಲು ಮೊದಲು ಬಂತು. ಅವಳು ನನ್ನನ್ನು ಬೆರಳಿನಿಂದ ತೆಗೆದು ಅಕ್ಕನ ಕಡೆ ಚಾಚಿದಳು.

"ನಿನ್ನ ಹತ್ರಾನ ಇರಲಿ. ಅದು ನಿನ್ನ ಬೆರಳಿಗೆ ಮಾಡಿಸಿದಂಗ ಐತಿ."

"ನೀ ಅಂಚು ಹೆಂಗ ಮಡಿಚಿ ಹೊಲೀತಿ ಮತ್ತ?"

ದಾಕ್ಷಾಯಿಣಿ ಟ್ಯೂಬಿನ ತುಂಡು ತೋರಿಸಿದಳು. "ಇದು ಐತಲ್ಲ. ಹತ್ತು ಹತ್ತು, ಗಾಡಿ ಬಿಡ್ತೈತಿ."

ರೈಲು ಹೊರಟಿತು. ಮಹಾನಂದಾ ಬಾಗಿಲಲ್ಲಿ ನಿಂತು ಕೈ ಬೀಸಿದಳು. ಕೈಯೊಳಗೆ ನಾನಿದ್ದೆ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಅರ್ಧ ಕೌದಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ ದಾಕ್ಷಾಯಿಣಿ ಒಮ್ಮೆ ಕಂಡಳು, ಒಮ್ಮೆ ಮಸುಕಾದಳು. ರೈಲು ತಿರುವು ತೆಗೆದುಕೊಂಡಾಗ ದೂರದ ಹಿನ್ನೀರಷ್ಟೇ ಕಂಡಿತು.

ವಿಜಯಪುರದ ಮನೆಯಲ್ಲಿ ನನ್ನನ್ನು ಗಮನಿಸುವವರಿಲ್ಲ. ಅಲ್ಲಿ ಮುಂಜಾನೆಯಿಂದ ಅಂಗೈಗಳು ರೊಟ್ಟಿ ಬಡಿಯುತ್ತವೆ, ಒಲೆಗಳು ಉರಿಯುತ್ತವೆ, ಹೆಂಗಸರು ಒಬ್ಬರನ್ನೊಬ್ಬರು ಛೇಡಿಸುತ್ತಾರೆ. ಇಷ್ಟು ಜನರ ನಡುವೆ ಕೆಲಸವಿಲ್ಲದೆ ಕೂಡುವುದು ಗದಗಿನ ಡಬ್ಬಿಗಿಂತ ಕಷ್ಟವೆನಿಸಿತು. ಮಾಳಿಗೆಯ ಸುಣ್ಣ ಹಚ್ಚಿದ ಖೋಲಿಗೆ ಯಾರೂ ಬರಲಿಲ್ಲ. ಕೆಲ ದಿನಗಳ ಮೇಲೆ ಅಲ್ಲಿ ಹಿಟ್ಟಿನ ಚೀಲ ಇಟ್ಟರು.

ಆದರೆ ಭಾನುವಾರ ಮಧ್ಯಾಹ್ನ ಬೇರೆಯಾಗಿತ್ತು. ಮೊದಲ ಭಾನುವಾರ ಫೋನು ಮಾಡಿದ ದಾಕ್ಷಾಯಿಣಿ, "ಅಂಚು ಹೊಲಿದೇನ?" ಎಂದು ಕೇಳಿದಳು. ಇಲ್ಲವೆಂದಾಗ, "ತಗೋ, ನಾನೂ ತಗೋತೀನಿ. ಫೋನು ಇಡಬ್ಯಾಡ, ಪಕ್ಕಕ್ಕಿಡು" ಎಂದಳು. ಮಹಾನಂದಾ ಮೊಬೈಲನ್ನು ಹಿಟ್ಟಿನ ಡಬ್ಬಿಗೆ ಆನಿಸಿಟ್ಟು, ನನ್ನನ್ನು ಹಾಕಿಕೊಂಡು, ಕತ್ತರಿಸಿದ ಅಂಚನ್ನು ಮಡಿಚಿ ಹೊಲಿಯತೊಡಗಿದಳು. ಇಬ್ಬರೂ ಹೆಚ್ಚು ಮಾತಾಡಲಿಲ್ಲ. ರೊಟ್ಟಿ ಬಡಿಯುವ ಸಪ್ಪಳ ಆ ಮನೆಗೆ ಹೋಗುತ್ತಿತ್ತು. ಆ ಮನೆಯ ಗಡಿಯಾರದ ಸಪ್ಪಳ ಈ ಕಡೆ ಬರುತ್ತಿತ್ತು. ಬೇಸತ್ತರೆ ಯಾರು ಬೇಕಾದರೂ ನಿಲ್ಲಿಸಬಹುದಿತ್ತು. ಯಾರೂ ನಿಲ್ಲಿಸಲಿಲ್ಲ.

ಅಂಚು ಎಂದೋ ಮುಗಿಯಿತು. ಆಮೇಲೆ ಭಾನುವಾರಕ್ಕೆಂದೇ ಏನಾದರೂ ಹುಡುಕಿಡುವರು. ದಿಂಬಿನ ಚೀಲ, ಹಳೆಯ ಕುಪ್ಪಸದ ಬಿಚ್ಚಿದ ಹೊಲಿಗೆ, ಹರಿಯದಿದ್ದರೂ ಹರಿದೀತೆಂದು ತೇಪೆ. ನಾನು ಇಷ್ಟು ಬೇಡದ ಕೆಲಸವನ್ನು ಇಷ್ಟು ಮನಸ್ಸಿಟ್ಟು ಮಾಡಿದ್ದಿಲ್ಲ.

ಲೋಹಕ್ಕೂ ದಣಿವು ಎಂಬುದಿದೆ. ನನ್ನ ತಲೆಯ ಮೇಲಿನ ಒಂದು ಗುಳಿ, ಎಲ್ಲರೂ ರೂಢಿಯಿಂದ ಸೂಜಿಯಿಡುತ್ತಿದ್ದದ್ದು, ತೆಳ್ಳಗಾಗುತ್ತ ಬಂದಿತ್ತು. ಒಂದು ಭಾನುವಾರ ಮಹಾನಂದಾ ಗೋಣಿಚೀಲದ ಬಾಯಿ ಹೊಲಿಯುವಾಗ ಸೂಜಿಯ ಹಿಂತುದಿ ನನ್ನನ್ನು ತೂರಿ ಅವಳ ಬೆರಳಿಗೆ ಚುಚ್ಚಿತು.

"ಅಯ್ಯ ಯವ್ವಾ!"

"ಏನಾತ ನಂದಾ?" ಗದಗಿನಿಂದ ದನಿ ಬಂತು, ಗಾಬರಿಯಾಗಿ.

"ಏನಿಲ್ಲಕ್ಕಾ. ಅಂಗುಸ್ತಾನಕ್ಕ ತೂತು ಬಿತ್ತು."

ಆ ಕಡೆ ಕುರ್ಚಿ ಸರಿದ ಸದ್ದು ಬಂತು. ಆಮೇಲೆ ದಾಕ್ಷಾಯಿಣಿ ಹೇಳಿದಳು: "ತಗೊಂಡು ಬಾ ಅದನ್ನ. ಇಲ್ಲೆ ನಮ್ಮ ಓಣಿ ತುದಿಗೆ ಒಬ್ಬಾಂವ ಅದಾನ. ಬೆಸಗಿ ಹಾಕಸೂಣು."

ಮಹಾನಂದಾ ಬೆರಳನ್ನು ಬಾಯಲ್ಲಿಟ್ಟುಕೊಂಡಿದ್ದಳು. ತೆಗೆದು, ಯೋಚಿಸದೆ ಅಂದುಬಿಟ್ಟಳು: "ಅದಕ್ಯಾಕ ಅಷ್ಟು ದೂರ? ಬೆಸಗಿ ಹಾಕೋರು ಇಲ್ಲೂ ಅದಾರಕ್ಕಾ."

"ಹೌದಲ್ಲ" ಎಂದಿತು ದನಿ. "ಇರ್ತಾರ."

ಮತ್ತೆ ಸೂಜಿ ದಾರದ ಮಾತು ಬಂತು, ಮಳೆಯ ಮಾತು ಬಂತು, ಫೋನು ಇಟ್ಟರು. ಇಟ್ಟ ಮೇಲೆ ಮಹಾನಂದಾ ಅಲುಗಾಡದೆ ಕುಳಿತಳು. ಬೆಸುಗೆಯ ನೆಪದಲ್ಲಿ ಅಕ್ಕ ಕೇಳಿದ್ದು ಏನೆಂಬುದು ಅವಳಿಗೆ ಆಗ ಗೊತ್ತಾಯಿತು. ರುದ್ರವ್ವ ಬಂದು, "ಬಾಯಾರ, ಯಾಕ ಹಿಂಗ ಕುಂತೀರಿ, ಯಾರರ ಹೋದ್ರೇನ?" ಎಂದು ಕೇಳುವವರೆಗೂ ಅವಳು ಎದ್ದಿರಲಿಲ್ಲ.

ಈಗ ನಾನು ಹಿಟ್ಟಿನ ಡಬ್ಬಿಗಳ ಮೇಲಿನ ಗೋಡೆಗೂಡಿನಲ್ಲಿದ್ದೇನೆ. ಮೇಲೆ ಜೋಳದ ಹಿಟ್ಟಿನ ತೆಳುಪದರ. ಭಾನುವಾರದ ಹೊಲಿಗೆ ನಿಂತಿಲ್ಲ. ಮಹಾನಂದಾ ಒಂದು ತೊಗಲಿನ ತುಂಡನ್ನು ಬೆರಳಿಗೆ ಸುತ್ತಿಕೊಳ್ಳುತ್ತಾಳೆ. ಬೆರಳುಗಳನ್ನು ನೋವಿನಿಂದ ಕಾಯುವುದೇ ನನ್ನ ಕೆಲಸವಾಗಿತ್ತು. ಹೊರಗಿನಿಂದ ಒತ್ತುವುದನ್ನು ನಾನು ತಡೆದೆ. ಒಳಗಿನಿಂದ ಬರುವುದು ಬೆವರಾಗಿ ನನಗೆ ತಟ್ಟಿತು. ಅದನ್ನು ಹಂಚಿಕೊಳ್ಳುವಂಥ ಗುಳಿ ನನ್ನ ಮೈಮೇಲೆ ಯಾರೂ ಒತ್ತಿರಲಿಲ್ಲ.

ನನ್ನ ತೂತು ದೊಡ್ಡದಲ್ಲ. ಒಂದು ಹನಿ ಕರಗಿಸಿದ ಸೀಸ ಸಾಕು. ಮೊನ್ನೆ ಪೇಟೆಗೆ ಹೊರಟ ರುದ್ರವ್ವ ಗೂಡಿಗೆ ಕೈಹಾಕಿ ನನ್ನನ್ನು ಎತ್ತಿಕೊಂಡಳು.

"ಬಾಯಾರ, ಆ ಕಡೇನ ಹೊಂಟೇನಿ. ಇದಕ್ಕ ಬೆಸಗಿ ಹಾಕಿಸ್ಕೊಂಡ ಬರ್ಲೇನ್ರಿ?"

ಮಹಾನಂದಾ ರೊಟ್ಟಿಯಿಂದ ಕೈ ತೆಗೆಯದೆ, ತಲೆಯೆತ್ತದೆ ಹೇಳಿದಳು.

"ಬ್ಯಾಡ. ಅಲ್ಲೇ ಇಡು ಅದನ್ನ. ಗದಗಿಗೆ ಒಯ್ಯೂದೈತಿ."

"ಯಾವಾಗ ಒಯ್ಯತೀರಿ?"

ಬಡಿಯುವ ಅಂಗೈ ಒಂದು ಗಳಿಗೆ ನಿಂತಿತು. ಮತ್ತೆ ಶುರುವಾಯಿತು. ರುದ್ರವ್ವ ನನ್ನನ್ನು ಗೂಡಿನಲ್ಲಿಟ್ಟು ಹೊರಟುಹೋದಳು.